‘ಫೈನ್’: ದಂಡವೂ ಅದೇ, ಚಂದವೂ ಅದೇ

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಇಂಗ್ಲಿಷಿನ ‘ಫೈನ್’ ಎಂಬ ಪದಕ್ಕೆ ಅವಳ ಪುಸ್ತಕದಲ್ಲಿ ‘ಚೆನ್ನಾಗಿರುವ’ ಎಂಬ ಅರ್ಥ ಕೊಟ್ಟಿದ್ದಾರೆ. ಗ್ರಂಥಾಲಯದ ಫಲಕದಲ್ಲಿ ಅದೇ ಪದಕ್ಕೆ ‘ದಂಡ’ ಎಂಬ ಅರ್ಥವಿದೆ. ಹಿಟ್ಟಿನ ಪೊಟ್ಟಣದ ಮೇಲೆ ಬಂದಾಗ ‘ನುಣ್ಣನೆಯ’ ಎಂದಾಗುತ್ತದೆ. ಇವೆಲ್ಲ ಒಂದೇ ಪದವೋ, ಕಾಗುಣಿತ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೋ? ಇವಕ್ಕೆ ಹೊಂದುವ ಸಮಾನಾರ್ಥಕ ಪದಗಳು ಯಾವುವು?

ಉತ್ತರ: ಇಂದಿನ ನಿಘಂಟುಗಳ ಲೆಕ್ಕದಲ್ಲಿ ಇವು ಬೇರೆ ಬೇರೆ ಪದಗಳು, ಚರಿತ್ರೆಯ ಲೆಕ್ಕದಲ್ಲಿ ಒಂದೇ. ದಂಡ ಎಂಬ ಅರ್ಥದ ನಾಮಪದವನ್ನೂ ಚೆನ್ನಾದ, ನವಿರಾದ ಎಂಬ ಅರ್ಥಗಳ ಗುಣವಾಚಕವನ್ನೂ ಇಂಗ್ಲಿಷ್ ನಿಘಂಟುಕಾರರು ಸಾಮಾನ್ಯವಾಗಿ ಎರಡು ಪ್ರತ್ಯೇಕ ಉಲ್ಲೇಖಗಳಾಗಿ ಕೊಡುತ್ತಾರೆ. ಇಂದು ಇಂಗ್ಲಿಷ್ ಮಾತನಾಡುವವರಿಗೆ ಇವೆರಡರ ನಡುವೆ ಯಾವ ನಂಟೂ ಕಾಣುವುದಿಲ್ಲವಾದ್ದರಿಂದ ಹಾಗೆ ಕೊಡುವುದು ಸರಿಯೇ. ಆದರೆ ಹಿಂದಕ್ಕೆ ನಡೆದು ಹೋದರೆ ಎರಡೂ ಒಂದೇ ಮನೆಯಲ್ಲಿ ಹುಟ್ಟಿ, ಏಳೆಂಟು ನೂರು ವರ್ಷಗಳ ಹಿಂದೆ ಪಾಲಾಗಿ ಬೇರೆ ಸಂಸಾರ ಹೂಡಿದ ಅಣ್ಣತಮ್ಮಂದಿರು ಎಂಬುದು ತಿಳಿಯುತ್ತದೆ. ಆ ಮನೆ ಲ್ಯಾಟಿನ್ ಭಾಷೆಯ ‘ಫೀನಿಸ್’ ಎಂಬ ಪದ. ಅದರ ಅರ್ಥ ಕೊನೆ, ಎಲ್ಲೆ.

ಕೊನೆ ಎಂಬ ಅರ್ಥದಿಂದ ದಂಡ ಹೇಗೆ ಹುಟ್ಟಿತು ಎಂಬುದನ್ನು ಇಂಗ್ಲಿಷಿನವರಿಗೆ ವಿವರಿಸುವುದಕ್ಕಿಂತ ಕನ್ನಡದವರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮ ‘ತೀರು’ ಎಂಬ ಧಾತು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆದಿದೆ. ಕೆಲಸ ತೀರಿತು ಎಂದರೆ ಮುಗಿಯಿತು. ಸಾಲ ತೀರಿತು ಎಂದರೆ ಹಣ ಸಂದಾಯವಾಗಿ ಲೆಕ್ಕ ಚುಕ್ತವಾಯಿತು. ವ್ಯಾಜ್ಯವನ್ನು ಮುಗಿಸುವ ಮಾತು ‘ತೀರ್ಪು’. ಹಿರಿಯರು ಕಣ್ಮುಚ್ಚಿದರೆ ‘ತೀರಿಕೊಂಡರು’ ಎನ್ನುತ್ತೇವೆ. ಕಂದಾಯಕ್ಕಿದ್ದ ‘ತೀರುವೆ’ ಎಂಬ ಹಳೆಯ ಹೆಸರೂ ಇದೇ ಕುಟುಂಬದ್ದು. ಮುಗಿಯುವುದು, ಸಲ್ಲಿಸುವುದು, ನ್ಯಾಯ ಹೇಳುವುದು ಎಂಬ ಮೂರೂ ಒಂದೇ ಬೇರಿನಿಂದ ಚಿಗುರಿರುವುದು ನಮಗೆ ವಿಚಿತ್ರವೆನಿಸುವುದಿಲ್ಲ. ಯೂರೋಪಿನಲ್ಲಿ ಆದದ್ದೂ ಇದೇ. ಹಳೆಯ ಫ್ರೆಂಚಿನಲ್ಲಿ ಮುಗಿಸು ಎಂಬ ಅರ್ಥದ ಕ್ರಿಯಾಪದವೇ ಸಾಲ ತೀರಿಸು, ಹಣ ಸಲ್ಲಿಸು ಎಂಬ ಅರ್ಥಕ್ಕೂ ಹಬ್ಬಿತು, ಅದರಿಂದ ‘ಫೈನಾನ್ಸ್’ ಎಂಬ ಪದವೂ ಹುಟ್ಟಿತು. ಇಂದು ಸಾಲ ಕೊಡುವ ಅಂಗಡಿಗೆ ಹೆಸರಾಗಿರುವ ಈ ಪದ ಹುಟ್ಟಿನಲ್ಲಿ ಸಾಲ ತೀರಿಸುವುದಕ್ಕೆ ಸಂಬಂಧಪಟ್ಟದ್ದು.

ಇಂಗ್ಲೆಂಡಿನ ಮಧ್ಯಯುಗದ ನ್ಯಾಯಾಲಯಗಳಲ್ಲಿ ‘ಫೈನ್’ ಎಂದರೆ ಮೊದಲಿಗೆ ಶಿಕ್ಷೆಯೇ ಅಲ್ಲ, ವ್ಯಾಜ್ಯವನ್ನು ಮುಗಿಸುವ ಒಪ್ಪಂದ. ಭೂಮಿಯ ವಿಚಾರದಲ್ಲಿ ಇಬ್ಬರು ನ್ಯಾಯಾಧೀಶರ ಮುಂದೆ ಬಂದು ರಾಜಿಯಾದರೆ, ‘ಇದು ಅಂತಿಮ ಒಪ್ಪಂದ’ ಎಂಬ ಅರ್ಥದ ಲ್ಯಾಟಿನ್ ಮಾತುಗಳಿಂದ ಆರಂಭವಾಗುವ ಪತ್ರವನ್ನು ಬರೆಯುತ್ತಿದ್ದರು. 1195ರಿಂದ ಆಚೆಗೆ ಅದನ್ನು ಒಂದೇ ಚರ್ಮದ ಹಾಳೆಯ ಮೇಲೆ ಮೂರು ಬಾರಿ ಬರೆದು, ಅಂಕುಡೊಂಕಾಗಿ ಕತ್ತರಿಸಿ, ಎರಡು ತುಂಡುಗಳನ್ನು ಎರಡೂ ಕಡೆಯವರಿಗೆ ಕೊಟ್ಟು, ಕೆಳಗಿನ ತುಂಡನ್ನು ರಾಜನ ಖಜಾನೆಯಲ್ಲಿ ಇಡುವ ಕ್ರಮ ಬಂತು. ಮುಂದೆ ಯಾರಾದರೂ ತಕರಾರು ತೆಗೆದರೆ ತುಂಡುಗಳ ಅಂಚನ್ನು ಒಂದಕ್ಕೊಂದು ಹೊಂದಿಸಿ ನೋಡಿದರಾಯಿತು, ಖೋಟಾ ಪತ್ರ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕ್ರಮೇಣ ನಿಜವಾದ ವ್ಯಾಜ್ಯವೇ ಇಲ್ಲದಿದ್ದರೂ ಜಮೀನು ಕೈಬದಲಿಸುವುದಕ್ಕಾಗಿ ಸುಳ್ಳು ವ್ಯಾಜ್ಯ ಹೂಡಿ ಇಂಥ ‘ಫೈನ್’ ಮಾಡಿಸಿಕೊಳ್ಳುವುದು ವಾಡಿಕೆಯಾಯಿತು. ಈ ಪದ್ಧತಿಯನ್ನು ರದ್ದು ಮಾಡಿದ್ದು 1833ರ ಕಾಯ್ದೆ.

ಇದರ ಜೊತೆಗೇ ಇನ್ನೊಂದು ಬಳಕೆಯೂ ಬೆಳೆಯಿತು. ರಾಜನ ಕೋಪಕ್ಕೋ ಸೆರೆಮನೆಗೋ ಒಳಗಾದವನು ಇಷ್ಟು ಹಣ ಕೊಡುತ್ತೇನೆ, ಇಲ್ಲಿಗೆ ಮುಗಿಸಿಬಿಡಿ ಎಂದು ಒಪ್ಪಿಸುವುದನ್ನು ‘ಕೊನೆ ಮಾಡಿಕೊಳ್ಳುವುದು’ ಎನ್ನುತ್ತಿದ್ದರು. ಆ ಹಣ ಲೆಕ್ಕಕ್ಕಾದರೂ ಸ್ವ-ಇಚ್ಛೆಯಿಂದ ಕೊಟ್ಟದ್ದು. ತಪ್ಪಿಗೆ ನ್ಯಾಯಾಲಯ ತಾನಾಗಿ ಹೇರುವ ಹಣಕ್ಕೆ ‘ಅಮರ್ಸ್‌ಮೆಂಟ್’ ಎಂಬ ಬೇರೆಯೇ ಹೆಸರಿತ್ತು. 1215ರ ಮ್ಯಾಗ್ನಾ ಕಾರ್ಟಾದ 20ನೆಯ ವಿಧಿ, ತಪ್ಪಿನ ಪ್ರಮಾಣವನ್ನು ಮೀರಿ ಯಾರಿಗೂ ಹಣದ ಶಿಕ್ಷೆ ವಿಧಿಸಬಾರದು ಎಂದು ಹೇಳುವಾಗ ಬಳಸುವುದು ಈ ಎರಡನೆಯ ಪದದ ಲ್ಯಾಟಿನ್ ರೂಪವನ್ನು. ಕಾಲ ಕಳೆದಂತೆ ಒಪ್ಪಿಕೊಟ್ಟ ಹಣಕ್ಕೂ ಹೇರಿದ ಹಣಕ್ಕೂ ಇದ್ದ ಗೆರೆ ಅಳಿಸಿಹೋಯಿತು, ‘ಅಮರ್ಸ್‌ಮೆಂಟ್’ ಮೂಲೆ ಸೇರಿತು, ಹದಿನಾರನೆಯ ಶತಮಾನದ ಹೊತ್ತಿಗೆ ‘ಫೈನ್’ ಎಂದರೆ ನಾವು ಇಂದು ತಿಳಿಯುವ ದಂಡ ಎಂದೇ ಆಯಿತು.

ಇನ್ನು ಚೆನ್ನಾಗಿರುವುದರ ಕಥೆ. ಕೊನೆ ಎನ್ನುವುದು ಮುಗಿತಾಯ ಮಾತ್ರವಲ್ಲ, ತುದಿಯೂ ಹೌದು. ನಮ್ಮ ‘ತುದಿ’ ಎಂಬ ಮಾತು ಹಗ್ಗದ ಕೊನೆಗೂ ಬೆಟ್ಟದ ನೆತ್ತಿಗೂ ಸಲ್ಲುತ್ತದೆ. ಸಂಸ್ಕೃತದ ‘ಅಂತ’ವೂ ಹಾಗೆಯೇ: ‘ವೇದಾಂತ’ ಎಂದರೆ ವೇದದ ಕೊನೆಯ ಭಾಗ ಎಂಬ ಅರ್ಥದ ಜೊತೆಗೆ ವೇದದ ಪರಮ ತಾತ್ಪರ್ಯ ಎಂಬ ಅರ್ಥವೂ ಇದೆ. ಲ್ಯಾಟಿನ್ನಿನ ‘ಫೀನಿಸ್’ ಕೂಡ ಇದೇ ರೀತಿ ಪರಮಾವಧಿ ಎಂಬ ಅರ್ಥವನ್ನು ಪಡೆಯಿತು. ಅದರಿಂದ ಹಳೆಯ ಫ್ರೆಂಚಿನಲ್ಲಿ ‘ಇನ್ನು ತಿದ್ದಲು ಏನೂ ಉಳಿಯದಂತೆ ಪೂರ್ತಿಯಾದದ್ದು, ಅತ್ಯುತ್ತಮ ದರ್ಜೆಯದು’ ಎಂಬ ಗುಣವಾಚಕ ಹುಟ್ಟಿ ಹದಿಮೂರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಆಗ ಅದರ ಉಚ್ಚಾರ ‘ಫೀನ್’ ಎಂದಿತ್ತು. ಮುಂದೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದಾಗ ‘ಫೈನ್’ ಆಯಿತು. ‘ಫಿನಿಷ್’, ‘ಫೈನಲ್’, ‘ರಿಫೈನ್’, ‘ಡಿಫೈನ್’, ‘ಇನ್ಫಿನಿಟ್’ ಇವೆಲ್ಲ ಒಂದೇ ಬಳಗವೆಂದು ನಿಮ್ಮ ಮಗಳಿಗೆ ಹೇಳಿದರೆ ಅವಳು ಐದು ಪದಗಳನ್ನು ಒಂದೇ ಉಸಿರಿನಲ್ಲಿ ಕಲಿತಂತಾಗುತ್ತದೆ. ‘ಡಿಫೈನ್’ ಎಂದರೆ ಎಲ್ಲೆ ಗುರುತಿಸುವುದು, ‘ಇನ್ಫಿನಿಟ್’ ಎಂದರೆ ಎಲ್ಲೆಯಿಲ್ಲದ್ದು. ಮೀನಿನ ರೆಕ್ಕೆಗೆ ಇರುವ ‘ಫಿನ್’ ಮಾತ್ರ ಈ ಬಳಗದ್ದಲ್ಲ, ಅದನ್ನು ಇಲ್ಲಿಗೆ ಎಳೆದು ತರಬಾರದು.

ಅತ್ಯುತ್ತಮ ಎಂಬುದರಿಂದ ನುಣ್ಣನೆಯ ಎಂಬುದಕ್ಕೆ ಹೋಗುವ ದಾರಿ ಅಕ್ಕಸಾಲೆಯ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಪುಟಕ್ಕಿಟ್ಟು ಕಲ್ಮಶವೆಲ್ಲ ಕಳೆದ ಅಪರಂಜಿ ಚಿನ್ನಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ‘ಫೈನ್ ಗೋಲ್ಡ್’ ಎನ್ನುತ್ತಾರೆ. ಒಡವೆಯ ಮೇಲೆ ನೀವು ನೋಡುವ 916 ಎಂಬ ಅಂಕೆ, ಸಾವಿರ ಪಾಲಿನಲ್ಲಿ 916 ಪಾಲು ಚಿನ್ನವಿದೆ, ಅಂದರೆ 22 ಕ್ಯಾರೆಟ್ ಎಂದು ಹೇಳುವ ‘ಫೈನ್‌ನೆಸ್’ ಅಂಕೆ. ಹೀಗೆ ಕೊಳೆ, ತರಿ, ಒರಟು ಎಲ್ಲವನ್ನೂ ತೆಗೆದದ್ದು ಫೈನ್ ಎಂದಾದ ಮೇಲೆ, ಸೋಸಿದ್ದು, ಜರಡಿ ಹಿಡಿದದ್ದು, ಎಳೆ ಸಣ್ಣದಾದದ್ದು, ಮೊನೆ ಚೂಪಾದದ್ದು, ಬುದ್ಧಿಗೆ ಸುಲಭವಾಗಿ ಸಿಗದಷ್ಟು ಸೂಕ್ಷ್ಮವಾದದ್ದು ಎಲ್ಲವೂ ಫೈನ್ ಆಗುತ್ತ ಹೋಯಿತು. ಹಿಟ್ಟಿನ ಪೊಟ್ಟಣದ ಮೇಲಿನ ಪದ ಈ ಕೊಂಬೆಯದು.

ಮೂರು ನಾಲ್ಕು ಅರ್ಥಗಳನ್ನು ಒಂದೇ ವಾಕ್ಯದಲ್ಲಿ ಕುಣಿಸಿದವನು ಷೇಕ್ಸ್‌ಪಿಯರ್. ‘ಹ್ಯಾಮ್ಲೆಟ್’ ನಾಟಕದ ಐದನೆಯ ಅಂಕದ ಸ್ಮಶಾನದ ದೃಶ್ಯದಲ್ಲಿ ರಾಜಕುಮಾರ ಒಂದು ತಲೆಬುರುಡೆಯನ್ನು ನೋಡಿ, ಇದು ಜೀವಮಾನವಿಡೀ ಜಮೀನು ಕೊಂಡ ಯಾವನೋ ವಕೀಲನದಿರಬಹುದು, ಅವನ ‘ಫೈನ್’ಗಳ ‘ಫೈನ್’ ಇದೇನೇ, ಅವನ ‘ಫೈನ್’ ತಲೆಯಲ್ಲಿ ‘ಫೈನ್’ ಮಣ್ಣು ತುಂಬಿರುವುದೇ ಎಂದು ಕೇಳುತ್ತಾನೆ. ಮೊದಲನೆಯದು ನಾನು ಮೇಲೆ ಹೇಳಿದ ಭೂಮಿಯ ಒಪ್ಪಂದ, ಎರಡನೆಯದು ಕೊನೆ, ಮೂರನೆಯದು ಸೊಗಸಾದ, ನಾಲ್ಕನೆಯದು ನುಣ್ಣನೆಯ. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಇದನ್ನು ಶ್ಲೇಷೆ ಎನ್ನಬಹುದು. ಒಂದೇ ಬೇರಿನಿಂದ ಬಂದ ನಾಲ್ಕು ಅರ್ಥಗಳು ನಾಲ್ಕು ದಿಕ್ಕಿಗೆ ಹೋಗಿ ಮತ್ತೆ ಒಂದು ಬುರುಡೆಯೊಳಗೆ ಕೂಡಿಕೊಂಡಿವೆ. ಇದನ್ನು ಕನ್ನಡಕ್ಕೆ ತರಲು ಹೊರಟವರು ಶ್ಲೇಷೆಯನ್ನು ಉಳಿಸಿದರೆ ಅರ್ಥ ಕೆಡುತ್ತದೆ, ಅರ್ಥವನ್ನು ಉಳಿಸಿದರೆ ಶ್ಲೇಷೆ ಹೋಗುತ್ತದೆ. ಕೊನೆ ಎಂಬ ಆ ಮೂಲ ಅರ್ಥ ಇಂದಿನ ಇಂಗ್ಲಿಷಿನಲ್ಲಿ ಬಹುತೇಕ ಅಳಿದಿದ್ದರೂ ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಉಳಿದಿದೆ: ಭಾಗವೊಂದನ್ನು ಮತ್ತೆ ನುಡಿಸಿ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಇದೇ ನಾಲ್ಕು ಅಕ್ಷರಗಳನ್ನು ಬರೆದಿರುತ್ತಾರೆ, ಇಟಾಲಿಯನ್ ಪದವಾದ್ದರಿಂದ ಅದನ್ನು ‘ಫೀನೆ’ ಎಂದು ಓದಬೇಕು.

ಈಗ ಸಮಾನಾರ್ಥಕ ಪದಗಳಿಗೆ ಬರೋಣ. ಇಲ್ಲಿ ನನ್ನದೊಂದು ತಕರಾರಿದೆ. ಪರೀಕ್ಷಾ ಮಾರ್ಗದರ್ಶಿಗಳಲ್ಲಿ ಈ ಪದದ ಮುಂದೆ ‘ಗುಡ್, ನೈಸ್, ಥಿನ್, ಪೆನಾಲ್ಟಿ’ ಎಂದು ಅಲ್ಪವಿರಾಮ ಹಾಕಿ ಸಾಲಾಗಿ ಜೋಡಿಸಿಬಿಡುತ್ತಾರೆ. ಹಾಗೆ ಬಾಯಿಪಾಠ ಮಾಡಿದ ಮಗು ಯಾವ ವಾಕ್ಯದಲ್ಲಿ ಯಾವುದನ್ನು ಇಡಬೇಕೆಂದು ತಿಳಿಯದೆ ಒದ್ದಾಡುತ್ತದೆ. ಸಮಾನಾರ್ಥಕ ಪದ ಎನ್ನುವುದು ಪದಕ್ಕೆ ಇರುವುದಲ್ಲ, ಪದದ ಒಂದೊಂದು ಅರ್ಥಕ್ಕೆ ಇರುವುದು.

ಹೆಚ್ಚು ಜನ ಎಡವುವುದು ‘ಚೆನ್ನಾಗಿರುವ’ ಎಂಬ ಅರ್ಥದಲ್ಲಿಯೇ. ಈ ಗುಣವಾಚಕ ನಾಮಪದದ ಮೊದಲು ಬಂದರೆ ಬಹುಮಟ್ಟಿಗೆ ಹೊಗಳಿಕೆ, ಕ್ರಿಯಾಪದದ ನಂತರ ಬಂದರೆ ಬಹುಮಟ್ಟಿಗೆ ಬರೀ ಸಮ್ಮತಿ. ‘ಎ ಫೈನ್ ಡಾಕ್ಟರ್’ ಎಂದರೆ ಹೆಸರಾಂತ, ನುರಿತ ವೈದ್ಯ. ಅಲ್ಲಿ ‘ಎಕ್ಸಲೆಂಟ್’, ‘ಸೂಪರ್ಬ್’ ಎಂಬ ಪದಗಳನ್ನು ಇಡಬಹುದು, ಕನ್ನಡದಲ್ಲಿ ಉತ್ತಮ, ಶ್ರೇಷ್ಠ, ಅತ್ಯುತ್ತಮ ಎನ್ನಬಹುದು. ‘ದಿ ಡಾಕ್ಟರ್ ಈಸ್ ಫೈನ್’ ಎಂದರೆ ಆ ವೈದ್ಯರ ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ ಎಂದಷ್ಟೇ ಅರ್ಥ. ಹಾಗೆಯೇ ‘ಎ ಫೈನ್ ಮೀಲ್’ ಎಂದರೆ ರಸಕವಳ. ಊಟ ಹೇಗಿತ್ತು ಎಂದು ಕೇಳಿದವರಿಗೆ ‘ಇಟ್ ವಾಸ್ ಫೈನ್’ ಎಂದು ಉತ್ತರಿಸಿದರೆ, ಪರವಾಗಿಲ್ಲ, ತಿನ್ನುವ ಹಾಗಿತ್ತು ಎಂಬ ತಣ್ಣನೆಯ ಮೆಚ್ಚುಗೆ. ನಮ್ಮವರು ಅತಿಥೇಯರನ್ನು ಸಂತೋಷಪಡಿಸಲೆಂದು ಈ ಮಾತನ್ನು ಹೇಳಿ, ಅವರ ಮುಖ ಸಣ್ಣಗಾದದ್ದನ್ನು ನೋಡಿ ಏನು ತಪ್ಪಾಯಿತೆಂದು ಯೋಚಿಸಿದ ಪ್ರಸಂಗಗಳನ್ನು ನಾನು ಬಲ್ಲೆ. ಅಲ್ಲಿ ‘ವಂಡರ್‌ಫುಲ್’, ‘ಡಿಲೀಷಿಯಸ್’ ಎನ್ನಬೇಕಿತ್ತು.

ಕ್ಷೇಮ ವಿಚಾರಿಸಿದಾಗ ಹೇಳುವ ‘ಐ ಆ್ಯಮ್ ಫೈನ್’ ಎಂಬುದಕ್ಕೆ ‘ವೆಲ್’, ‘ಆಲ್‌ರೈಟ್’ ಸಮಾನ. ಕನ್ನಡದಲ್ಲಿ ಚೆನ್ನಾಗಿದ್ದೇನೆ, ಆರಾಮಾಗಿದ್ದೇನೆ, ಕ್ಷೇಮ. ಈ ಅರ್ಥದಲ್ಲಿ ಪದಕ್ಕೆ ತರತಮವಿಲ್ಲ. ನಿನ್ನೆಗಿಂತ ಇಂದು ಆರೋಗ್ಯ ಮೇಲು ಎಂದು ಹೇಳಲು ‘ಫೈನರ್’ ಎನ್ನುವುದಿಲ್ಲ, ‘ಬೆಟರ್’ ಎನ್ನುತ್ತಾರೆ. ನಮ್ಮಲ್ಲಿ ಧಾರಾಳವಾಗಿ ಕೇಳಿಬರುವ ‘ಐ ಆ್ಯಮ್ ವೆರಿ ಫೈನ್’ ಎಂಬ ಮಾತು ಇಂಗ್ಲೆಂಡಿನವರ ಕಿವಿಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸುವುದು ಇದೇ ಕಾರಣಕ್ಕೆ. ಪುಡಿಯ ವಿಷಯದಲ್ಲಾದರೆ ‘ವೆರಿ ಫೈನ್’ ಎನ್ನಲು ಯಾವ ಅಡ್ಡಿಯೂ ಇಲ್ಲ. ಇನ್ನು ಯಾರಾದರೂ ಇನ್ನಷ್ಟು ಕಾಫಿ ಬೇಕೇ ಎಂದಾಗ ‘ನೋ, ಐ ಆ್ಯಮ್ ಫೈನ್’ ಎಂದರೆ ಅದು ಆರೋಗ್ಯದ ವರದಿಯಲ್ಲ. ಬೇಡ, ಸಾಕು ಎಂದರ್ಥ.

ಒಪ್ಪಿಗೆ ಸೂಚಿಸುವ ‘ಫೈನ್’ಗೆ ಕನ್ನಡದಲ್ಲಿ ‘ಸರಿ’, ‘ಆಗಲಿ’, ‘ಆಯ್ತು’ ಎಂಬ ಮಾತುಗಳಿವೆ. ‘ಆಯ್ತು’ ಎಂಬ ಮಾತನ್ನು ಗಮನಿಸಿ. ಮುಗಿಯಿತು ಎಂಬ ಅರ್ಥದ ಕ್ರಿಯಾಪದವೇ ನಮ್ಮಲ್ಲಿ ಒಪ್ಪಿದೆ ಎಂಬ ಅರ್ಥವನ್ನೂ ಕೊಡುತ್ತದೆ. ಇಂಗ್ಲಿಷಿನವರು ಸಾವಿರ ವರ್ಷದ ಸುತ್ತು ಹಾಕಿ ತಲುಪಿದ ಜಾಗದಲ್ಲಿ ನಾವು ಮೊದಲಿನಿಂದಲೂ ಕೂತಿದ್ದೇವೆ. ಮುನಿಸಿನಿಂದ ಹೇಳಿದರೆ ಎರಡೂ ಭಾಷೆಯಲ್ಲಿ ಧ್ವನಿ ಒಂದೇ: ‘ಆಯ್ತಪ್ಪಾ, ನಿನ್ನಿಷ್ಟ!’ ವ್ಯಂಗ್ಯವೂ ಅಷ್ಟೇ. ‘ಎ ಫೈನ್ ಮೆಸ್’ ಎಂಬಲ್ಲಿ ಚೆನ್ನಾದದ್ದು ಏನೂ ಇಲ್ಲ. ‘ಒಳ್ಳೇ ಕೆಲಸ ಮಾಡಿದೆ ಕಣಯ್ಯ’ ಎಂದು ನಾವು ಹಲ್ಲು ಕಚ್ಚಿ ಹೇಳುವ ಮಾತೇ ಅದು. ‘ಒನ್ ಫೈನ್ ಡೇ’ ಎಂಬ ನುಡಿಗಟ್ಟನ್ನು ‘ಒಂದು ಒಳ್ಳೆಯ ದಿನ’ ಎಂದು ಅನುವಾದಿಸಿ, ಅದರ ಹಿಂದೆಯೇ ‘ಅವರ ಮನೆ ಕುಸಿದುಬಿತ್ತು’ ಎಂದು ಬರೆದದ್ದನ್ನು ಓದಿದ್ದೇನೆ. ಅದು ‘ಒಂದಾನೊಂದು ದಿನ’, ಅಷ್ಟೇ.

ಹವೆಯ ವಿಷಯದಲ್ಲಿ ಈ ಪದ ತನ್ನ ವಿರುದ್ಧ ತಾನೇ ನಿಲ್ಲುತ್ತದೆ. ‘ಫೈನ್ ವೆದರ್’ ಎಂದರೆ ಮಳೆಯಿಲ್ಲದೆ ಬಿಸಿಲು ಬಿದ್ದ ದಿನ, ‘ಫೈನ್ ರೇನ್’ ಎಂದರೆ ತುಂತುರು, ಸೋನೆ, ಜಿಟಿಜಿಟಿ ಮಳೆ. ಮೊದಲನೆಯದು ಸೊಗಸಿನ ಕೊಂಬೆ, ಎರಡನೆಯದು ಸಣ್ಣದರ ಕೊಂಬೆ. ಬಿಸಿಲನ್ನೇ ಒಳ್ಳೆಯ ಹವೆ ಎಂದು ಕರೆಯುವುದು ಮೋಡ ಕವಿದ ದ್ವೀಪದವರ ರೂಢಿ; ಮೇ ತಿಂಗಳ ರಾಯಚೂರಿನ ಬಗ್ಗೆ ಬರೆಯುವಾಗ ಇದನ್ನು ‘ಒಳ್ಳೆಯ ಹವೆ’ ಎಂದು ಅನುವಾದಿಸಿದರೆ ಓದುಗರು ನಗುತ್ತಾರೆ. ನಿರ್ಮಲ ಆಕಾಶ, ಮಳೆಯಿಲ್ಲದ ದಿನ ಎಂದು ಬರೆಯುವುದು ಕ್ಷೇಮ.

ನುಣುಪು, ಸಣ್ಣ, ಸೂಕ್ಷ್ಮ ಎಂಬ ಅರ್ಥಗಳಿಗೆ ಇಂಗ್ಲಿಷಿಗಿಂತ ಕನ್ನಡವೇ ಶ್ರೀಮಂತ. ಇಂಗ್ಲಿಷ್ ಎಲ್ಲದಕ್ಕೂ ಈ ಒಂದೇ ಪದವನ್ನು ಒಡ್ಡಿದರೆ, ನಮ್ಮ ಅಡುಗೆಮನೆಯೊಂದರಲ್ಲೇ ಅದಕ್ಕೆ ನಾಲ್ಕಾರು ಪದಗಳಿವೆ. ಚಟ್ನಿ ರುಬ್ಬಿದರೆ ನುಣ್ಣಗೆ, ತರಕಾರಿ ಹೆಚ್ಚಿದರೆ ಸಣ್ಣಗೆ, ದೋಸೆ ಹುಯ್ದರೆ ತೆಳ್ಳಗೆ. ರವೆಯಲ್ಲಿ ಸಣ್ಣದಕ್ಕೆ ಚಿರೋಟಿ ರವೆ ಎಂಬ ಹೆಸರೇ ಇದೆ. ಬಟ್ಟೆಯಲ್ಲಿ ಸೋಸಿದ ಔಷಧದ ಪುಡಿ ವಸ್ತ್ರಗಾಳಿತ. ಇವೆಲ್ಲಕ್ಕೂ ಇಂಗ್ಲಿಷಿನ ವಿರುದ್ಧಪದ ‘ಕೋರ್ಸ್’ ಒಂದೇ. ನಮಗಾದರೆ ಪುಡಿಗೆ ತರಿತರಿ, ಬಟ್ಟೆಗೆ ಒರಟು, ಎಳೆಗೆ ದಪ್ಪ. ಸೀರೆಯ ನೇಯ್ಗೆಗೆ ನವಿರು, ನಯ, ನಾಜೂಕು ಹೊಂದುತ್ತವೆ. ಇಂಗ್ಲಿಷಿನಲ್ಲಿ ಅಲ್ಲಿ ‘ಡೆಲಿಕೇಟ್’ ಎನ್ನಬಹುದು. ‘ಎ ಫೈನ್ ಡಿಸ್ಟಿಂಕ್ಷನ್’ ಎಂಬಲ್ಲಿ ಇರುವುದು ಉತ್ತಮ ವ್ಯತ್ಯಾಸವಲ್ಲ, ಸೂಕ್ಷ್ಮ ವ್ಯತ್ಯಾಸ. ಅಲ್ಲಿ ‘ಸಟಲ್’ ಸಮಾನಪದ. ‘ಫೈನ್ ಪ್ರಿಂಟ್’ ಎಂದರೆ ಕರಾರಿನ ಕೆಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿರುವ ಷರತ್ತುಗಳು, ಸೊಗಸಾದ ಮುದ್ರಣವಲ್ಲ. ‘ಫೈನ್ ಆರ್ಟ್ಸ್’ ಎಂಬುದನ್ನು ಮಾತ್ರ ನಮ್ಮ ಹಿರಿಯರು ಸೂಕ್ಷ್ಮಕಲೆ ಎಂದೋ ಉತ್ತಮಕಲೆ ಎಂದೋ ಕಟ್ಟದೆ ‘ಲಲಿತಕಲೆ’ ಎಂದು ಕರೆದರು. ಫ್ರೆಂಚರು ಅದನ್ನು ‘ಚೆಲುವಿನ ಕಲೆಗಳು’ ಎನ್ನುವುದರಿಂದ, ಈ ವಿಚಾರದಲ್ಲಿ ಕನ್ನಡ ಇಂಗ್ಲಿಷಿಗಿಂತ ಫ್ರೆಂಚಿಗೆ ಹತ್ತಿರವಾಗಿದೆ.

ಕೊನೆಯದಾಗಿ ದಂಡ. ಕನ್ನಡದಲ್ಲಿ ಇದಕ್ಕೆ ದಂಡ, ಜುಲ್ಮಾನೆ ಎಂಬ ಎರಡು ಪದಗಳು ರೂಢಿಯಲ್ಲಿವೆ, ಮಾತಿನಲ್ಲಿ ‘ಫೈನ್ ಹಾಕಿದರು’ ಎಂಬುದೂ ಸೇರಿ ಮೂರು. ಮೂರೂ ಒಂದೇ ಹಣವನ್ನು ಮೂರು ಕಡೆಯಿಂದ ನೋಡುತ್ತವೆ. ದಂಡ ಎಂದರೆ ಮೂಲದಲ್ಲಿ ಕೋಲು: ರಾಜನ ಕೈಯಲ್ಲಿರುವ ಅಧಿಕಾರವನ್ನು ಆ ಪದ ನೋಡುತ್ತದೆ. ‘ಹಣವೆಲ್ಲ ದಂಡವಾಯಿತು’ ಎಂದು ವ್ಯರ್ಥ ಎಂಬ ಅರ್ಥದಲ್ಲೂ ಅದನ್ನು ಬಳಸುವುದು, ಕಟ್ಟುವವನ ಹೊಟ್ಟೆಯುರಿಯಿಂದ ಬಂದದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಜುಲ್ಮಾನೆ ಪಾರಸಿಯ ‘ಜುರ್ಮಾನಾ’ದಿಂದ ಬಂದದ್ದು. ‘ಜುರ್ಮ್’ ಎಂದರೆ ಅಪರಾಧ, ಆ ಪದದ ಕಣ್ಣು ಮಾಡಿದ ತಪ್ಪಿನ ಮೇಲೆ. ಫೈನ್ ಎಂಬುದು ತಪ್ಪನ್ನೂ ನೋಡದೆ ಕೋಲನ್ನೂ ನೋಡದೆ, ವಿಷಯ ಮುಗಿಯಿತೇ ಎಂದಷ್ಟೇ ನೋಡುತ್ತದೆ.

ಇಂಗ್ಲಿಷಿನಲ್ಲಿ ‘ಪೆನಾಲ್ಟಿ’ ಇದರ ಅತಿ ಹತ್ತಿರದ ಸಮಾನಪದವಾದರೂ ಅದು ಹೆಚ್ಚು ವಿಶಾಲ: ಹಣವಲ್ಲದ ಶಿಕ್ಷೆಯೂ, ನ್ಯಾಯಾಲಯಕ್ಕೆ ಹೋಗದೆಯೇ ತೆರಿಗೆ ಇಲಾಖೆ ವಿಧಿಸುವ ಹಣವೂ ಪೆನಾಲ್ಟಿ ಆಗಬಹುದು. ಕಾನೂನಿನ ಬಿಗಿಯಾದ ಅರ್ಥದಲ್ಲಿ ಫೈನ್ ಎಂದರೆ ಅಪರಾಧಕ್ಕೆ ನ್ಯಾಯಾಲಯ ವಿಧಿಸುವ ಹಣದ ಶಿಕ್ಷೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 4ನೆಯ ಕಲಮು ಹೆಸರಿಸುವ ಆರು ಬಗೆಯ ಶಿಕ್ಷೆಗಳಲ್ಲಿ ಇದೂ ಒಂದು. ‘ಡ್ಯಾಮೇಜಸ್’ ಇದಕ್ಕೆ ಸಮಾನವಲ್ಲ: ದಂಡ ಸಾಮಾನ್ಯವಾಗಿ ಸರಕಾರಕ್ಕೆ ಸೇರುತ್ತದೆ, ಅದು ನಷ್ಟ ಅನುಭವಿಸಿದವರಿಗೆ ಸಿಗುವ ಪರಿಹಾರ. ‘ಫಾರ್ಫಿಟ್’ ಎಂದರೆ ಇಟ್ಟದ್ದನ್ನು ಕಳೆದುಕೊಳ್ಳುವುದು. ಚುನಾವಣೆಯಲ್ಲಿ ಆರನೆಯ ಒಂದು ಭಾಗದಷ್ಟು ಮತವೂ ಬಾರದೆ ಠೇವಣಿ ಹೋದ ಅಭ್ಯರ್ಥಿ ದಂಡ ಕಟ್ಟಿದನೆಂದು ಯಾರೂ ಹೇಳುವುದಿಲ್ಲ.

ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ಸ್ಥಳದಲ್ಲೇ ಕಟ್ಟುವ ಹಣದ ವಿಷಯ ಇನ್ನೂ ಸ್ವಾರಸ್ಯದ್ದು. ಮೋಟಾರು ವಾಹನ ಕಾಯ್ದೆಯ 200ನೆಯ ಕಲಮಿನ ಪ್ರಕಾರ ಅದು ನ್ಯಾಯಾಲಯದ ದಂಡವಲ್ಲ, ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯದೆ ಮುಗಿಸಲು ಕೊಡುವ ರಾಜಿ ಮೊತ್ತ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಬಾಕಿ ಮೊತ್ತದಲ್ಲಿ ಶೇ. 50ರಷ್ಟು ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಜನ ಸಾಲುಗಟ್ಟಿ ನಿಂತು ಹಳೆಯ ಲೆಕ್ಕ ತೀರಿಸಿಕೊಂಡರಲ್ಲ, ಅದು ಹದಿಮೂರನೆಯ ಶತಮಾನದ ಇಂಗ್ಲೆಂಡಿನವನು ರಾಜನ ಮುಂದೆ ‘ಕೊನೆ ಮಾಡಿಕೊಂಡ’ ಕೆಲಸಕ್ಕೆ ನ್ಯಾಯಾಲಯದ ದಂಡಕ್ಕಿಂತ ಹತ್ತಿರವಾದದ್ದು.

ನಿಮ್ಮ ಮಗಳು ನೋಡಿದ ಗ್ರಂಥಾಲಯದ ಫಲಕಕ್ಕೆ ಬಂದರೆ, ಪುಸ್ತಕವನ್ನು ನಾಲ್ಕು ದಿನ ತಡವಾಗಿ ಹಿಂದಿರುಗಿಸುವುದು ಅಪರಾಧವೇನೂ ಅಲ್ಲದ್ದರಿಂದ, ಅಲ್ಲಿ ‘ದಂಡ’ಕ್ಕಿಂತ ‘ವಿಳಂಬ ಶುಲ್ಕ’ ಎಂದು ಬರೆಯುವುದು ಹೆಚ್ಚು ಸರಿ. ಇಂಗ್ಲಿಷಿನ ಗ್ರಂಥಾಲಯಗಳಲ್ಲಿ ಮಾತ್ರ ಅದನ್ನು ಫೈನ್ ಎಂದೇ ಕರೆಯುವುದು ವಾಡಿಕೆಯಾಗಿರುವುದರಿಂದ, ಪರೀಕ್ಷೆಯಲ್ಲಿ ಅವಳು ಹಾಗೆ ಬರೆದರೆ ತಪ್ಪಾಗುವುದಿಲ್ಲ.